ಎಕೋ ತಿರುವಿದ ಕೈ

ಹುಮನಾಬಾದಿನಲ್ಲಿ ನನ್ನದೊಂದು ಮೈಕ್ ಸೆಟ್ಟಿನ ಅಂಗಡಿ ಇದೆ. ಮದುವೆ, ತೊಟ್ಟಿಲು, ಚುನಾವಣೆ, ಭಜನೆ, ನಮ್ಮ ಓಣಿಯ ಬುದ್ಧವಿಹಾರದ ಹುಣ್ಣಿಮೆ ವಂದನೆ, ಯಾವುದಕ್ಕೂ ಇಲ್ಲ ಅಂದವನಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟ ನನಗೆ ಲೋಕಜ್ಞಾನ ಬಂದದ್ದೆಲ್ಲ ಮೈಕ್ ಹಿಡಿದವರನ್ನು ನೋಡಿಯೇ. ಕೆಲವರು ಹಿಡಿದ ಕೂಡಲೇ ಅದನ್ನು ಬೆರಳಿನಿಂದ ಕುಟ್ಟುತ್ತಾರೆ. ಕೆಲವರು ಒಲೆ ಊದಿದಂತೆ ಊದುತ್ತಾರೆ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿ ಒಂದೇ ಮಾತು ಹೇಳುತ್ತಾರೆ: "ಎಕೋ ಹಾಕಪ್ಪ."

ನಮ್ಮ ಕಡೆ ಎಕೋ ಇಲ್ಲದೆ ಮಾತನಾಡಿದವನನ್ನು ಯಾರೂ ದೊಡ್ಡ ಮನುಷ್ಯನೆಂದು ಒಪ್ಪುವುದಿಲ್ಲ. ದನಿ ಏರಿಸಿ ಇಳಿಸುವ ಮಿಕ್ಸರಿನ ಮೇಲಿರುವ ಆ ಸಣ್ಣ ಗುಂಡಿಯನ್ನು ಬಲಕ್ಕೆ ತಿರುವಿದಷ್ಟೂ ಆಡಿದ ಮಾತು ಮತ್ತೆ ಮತ್ತೆ ತಿರುಗಿ ಬರುತ್ತದೆ. ಸುಳ್ಳು ಕೂಡ ಸಾಕ್ಷಿಗಳನ್ನು ಕರೆದುಕೊಂಡು ಬಂದಂತೆ ಕೇಳಿಸುತ್ತದೆ. ಆ ಗುಂಡಿಯಿಂದಲೇ ನಾನು ನನ್ನ ತಂಗಿಗೆ ಒಂದು ಮೋಸ ಮಾಡಿದೆ. ಅದನ್ನು ಇಲ್ಲಿ ಹೇಳುತ್ತೇನೆ, ಎಕೋ ಹಾಕದೆ.

ತಂಗಿ ನನಗಿಂತ ಬಹಳ ಚಿಕ್ಕವಳು. ನಮ್ಮೂರು ದುಬಲಗುಂಡಿ. ಅವ್ವ, ಅಪ್ಪ ಇಬ್ಬರೂ ಬೇರೆಯವರ ಹೊಲಕ್ಕೆ ಹೋಗಿ ನಮ್ಮನ್ನು ಬೆಳೆಸಿದವರು. ನಾನು ಬಿಟ್ಟ ಶಾಲೆಯನ್ನೂ ಸೇರಿಸಿ ಓದಿದಳೇನೋ ಅನ್ನುವ ಹಾಗೆ ಅವಳು ಓದಿದಳು. ಬಸವಕಲ್ಯಾಣದ ಕಾಲೇಜು ಮುಗಿಸಿ ಅಲ್ಲೇ ಒಂದು ಟ್ಯೂಷನ್ ಕ್ಲಾಸಿನಲ್ಲಿ ಗಣಿತ ಕಲಿಸುತ್ತಾಳೆ. ಹಗಲು ಮೆಲುದನಿಯಲ್ಲಿ ಗಣಿತ, ಸಂಜೆ ಮೂವರು ಗೆಳೆಯರ ಜೊತೆ ಹೆವಿ ಮೆಟಲ್.

ಅದೇನೆಂದು ಗೊತ್ತಿಲ್ಲದವರಿಗೆ ಹೇಳಬೇಕಲ್ಲ. ಗಿಟಾರಿನ ತಂತಿಗೆ ಕರೆಂಟು ಕೊಟ್ಟು ಅದರ ಸ್ವರ ಹರಿದು ಚಿಂದಿಯಾಗುವ ತನಕ ಏರಿಸುವುದು, ಡ್ರಮ್ಮನ್ನು ಹಳೇ ಹಗೆಯಂತೆ ಬಡಿಯುವುದು, ಅದರ ಮೇಲೆ ಹೊಟ್ಟೆಯ ಆಳದಿಂದ ಗುಡುಗುವುದು. ಮೋಟಾರ್ ವೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ತಾಲೀಮು. ನನ್ನ ಸೆಟ್ ಒಯ್ದು ಹಚ್ಚಿ ಮೊದಲ ಸಲ ಕೇಳಿದಾಗ ಆಂಪ್ಲಿಫೈಯರ್ ಸುಟ್ಟಿತೆಂದು ಓಡಿಹೋಗಿ ಪ್ಲಗ್ ಕಿತ್ತುಬಿಟ್ಟೆ.

"ಯಾಕಣ್ಣಾ ಬಂದ್ ಮಾಡ್ದಿ?" ಎಂದಳು ತಂಗಿ.

"ಏನೋ ಹರಿದಂಗ ಸಪ್ಪಳ ಬಂತಲ್ಲ."

"ಅದು ನಾ ಹಾಡಾಕತ್ತಿದ್ನಿ."

ಅವಳು ಶನಿವಾರ ಊರಿಗೆ ಬರುವಾಗ ಹುಮನಾಬಾದಿನಲ್ಲಿಳಿದು ದುಬಲಗುಂಡಿಯ ಬಸ್ಸು ಬರುವ ತನಕ ನನ್ನ ಅಂಗಡಿಯಲ್ಲಿ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂಡುತ್ತಿದ್ದಳು. ಮೊಬೈಲಿನ ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನದಕ್ಕೆ. ಶಾಲೆಯಲ್ಲಿ ತಲೆಗೆ ಹತ್ತದ ಭೂಗೋಳ ನನಗೆ ಹತ್ತಿದ್ದು ಅಲ್ಲಿ.

"ಇವ್ರು ಯಾವ ದೇಶದವ್ರು?"

"ಉತ್ತರದ ಥಂಡಿ ದೇಶದವ್ರು. ಅಲ್ಲಿ ಸಾಲಿ, ದವಾಖಾನಿ ಎಲ್ಲಾ ಫುಕಟ್."

"ಮತ್ತ ಈ ಪರಿ ಯಾಕ ಚೀರಾಕತ್ಯಾನ?"

"ಥಂಡಿ, ಕತ್ತಲಿ, ಒಬ್ಬಂಟಿತನ. ಅವ್ರ ಹಳೇ ದೇವರನ್ನ ಓಡಿಸಿದ್ರು ಅಂತ ಚರ್ಚಿನ ಮ್ಯಾಲ ಸಿಟ್ಟು."

"ಫುಕಟ್ ದವಾಖಾನಿ ಇದ್ದವಗ ಚೀರೂದು ಹಗುರ ಬಿಡು. ಗಂಟಲು ಹರಿದ್ರ ತೋರಸ್ಕೊಂಡ್ ಬರ್ತಾನ."

ಅವಳು ನಕ್ಕು ಮುಂದಿನ ಹಾಡು ಹಚ್ಚುತ್ತಿದ್ದಳು. ಈ ಗದ್ದಲ ಮೊದಲು ಹುಟ್ಟಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆ ಊರಿನಲ್ಲಂತೆ. ಕಬ್ಬಿಣ ಬಡಿಯುವ ಸದ್ದಿನಲ್ಲೇ ಬೆಳೆದ ಹುಡುಗರು ಅದೇ ಸದ್ದಿನಲ್ಲಿ ಹಾಡಿದರು. ಅವರ ಪದಗಳಲ್ಲಿ ಹೊಗೆ, ಯುದ್ಧ, ಬಡವರ ಮಕ್ಕಳನ್ನು ಯುದ್ಧಕ್ಕೆ ಕಳಿಸಿ ತಾವು ಮನೆಯಲ್ಲಿ ಕೂತ ದೊಡ್ಡವರು. ಬ್ರೆಜಿಲ್ಲಿಗೆ ಹೋದರೆ ಅದೇ ಗದ್ದಲದಲ್ಲಿ ಕಾಡು ಕಳೆದುಕೊಂಡವರ ಕತೆ. ಹಿಂದೆ ಊರಿಗೆ ಊರೇ ಸಾವು ಕಂಡ ದೇಶಗಳವರು ಆ ಹಳೆಯ ಸಾವುಗಳನ್ನೇ ಮತ್ತೆ ಮತ್ತೆ ಹಾಡುತ್ತಾರೆ. ಇದನ್ನು ಕೇಳಿದ ದಿನ ನನಗೆ ನಮ್ಮ ಅಜ್ಜಿ, ಆಯಿ, ನೆನಪಾದಳು. ರಜಾಕಾರರು ಊರವರನ್ನು ಕೊಂದ ಗೋರ್ಟಾದ ಸ್ಮಾರಕವನ್ನು ಬಸ್ಸು ದಾಟುವಾಗ ಅಂಥಾ ಮಾತುಗಾರ್ತಿ ಆಯಿಯೂ ಬಾಯಿ ಮುಚ್ಚಿ ಕೂಡುತ್ತಿದ್ದಳು.

ನನಗೆ ಬಹಳ ಸೇರಿದ್ದು ಮಾತ್ರ ಪದಗಳಿಗೆ ಸರ್ಕಾರಿ ಕಚೇರಿಯ ಒಪ್ಪಿಗೆ ಬೇಕಾದ ದೇಶಗಳವರ ಹಾಡು. ಅವರು ಸಾವಿರಾರು ವರ್ಷದ ಹಿಂದಿನ ಒಬ್ಬ ಕ್ರೂರ ರಾಜನ ಮೇಲೆ ಹಾಡು ಕಟ್ಟುತ್ತಾರಂತೆ. ಆ ರಾಜ ಯಾರೆಂದು ಕೇಳುವವರಿಗೆ ಗೊತ್ತು. ಕಚೇರಿಯವರಿಗೂ ಗೊತ್ತು. ಆದರೆ "ಇದು ನಮ್ಮ ಸಾಹೇಬರ ಮೇಲೆಯೇ ಬರೆದದ್ದು" ಎಂದು ಬಾಯಿ ಬಿಟ್ಟು ಹೇಳಿದ ಗುಮಾಸ್ತನೇ ಮೊದಲು ಸಿಕ್ಕಿಬೀಳುವವನು, ಸಾಹೇಬರು ಕ್ರೂರಿಯೆಂದು ಅವನೇ ಒಪ್ಪಿದ ಹಾಗಾಯಿತಲ್ಲ!

ಆಮೇಲೆ ನಮ್ಮ ದೇಶದ ದೊಡ್ಡ ಊರುಗಳ ಹುಡುಗರದ್ದೂ ಕೇಳಿಸಿದಳು. ಇಂಗ್ಲಿಷಿನಲ್ಲಿ ಹೆಣ, ರಕ್ತ, ನರಕ.

"ಇವ್ರಿಗೇನು ತ್ರಾಸ್?" ಎಂದೆ.

"ಯಾರಿಗ್ಗೊತ್ತು. ಟ್ರಾಫಿಕ್ ಇರಬೇಕು."

ಬಸ್ಸು ತಡವಾದ ಒಂದು ಸಂಜೆ ನಾನೂ ಒಂದು ಸಿದ್ಧಾಂತ ಮಂಡಿಸಿದೆ. ಬಾಯಿಬಿಟ್ಟರೆ ಒದೆ ಬೀಳುವ ಕಡೆ ರಾಕ್ಷಸರ ಮೇಲೆ ಹಾಡು. ಬಾಯಿಬಿಟ್ಟರೂ ಯಾರೂ ಕೇಳದ ಕಡೆ ಸಾವಿನ ಮೇಲೆ ಹಾಡು. ತಂಗಿ ನನ್ನ ಮುಖವನ್ನೇ ನೋಡಿ, "ಹಂಗಾದ್ರ ನಮ್ಮ ಕಡೆ?" ಎಂದಳು. "ನಮ್ಮ ಕಡೆ ಹಾಡೇ ಇಲ್ಲಲ್ಲ" ಎಂದೆ.

"ಯಾಕಿಲ್ಲ? ನಮ್ಮ ಆಯಿ ಏನ್ ಮಾಡ್ತಿದ್ಳು?"

ಹೌದಲ್ಲ ಅನ್ನಿಸಿತು. ನಮ್ಮ ಆಯಿ ಸುತ್ತಲಿನ ಊರುಗಳಲ್ಲಿ ಅಳುವುದಕ್ಕೆ ಹೆಸರಾದವಳು. ಸತ್ತವರ ಮನೆಗೆ ಹೋಗಿ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಅದು. ಹಾಗೆ ಅಳುವವಳನ್ನು ತಡೆಯಬಾರದು, ಅಳುವಾಗ ಆಡಿದ ಮಾತಿಗೆ ಆಮೇಲೆ ಜಗಳ ತೆಗೆಯಬಾರದು ಅನ್ನುವುದು ನಮ್ಮ ಕಡೆಯ ರಿವಾಜು. ಆಯಿ ಅದನ್ನು ಪೂರಾ ಬಳಸಿಕೊಂಡಳು. ಜೀವಮಾನವಿಡೀ ಆಳುಗಳನ್ನು ಬೈದ ಹಿರಿಯ ಧಣಿಯೊಬ್ಬ ತೀರಿಕೊಂಡಾಗ ಅವನ ಅಂಗಳದಲ್ಲಿ ಕೂತು ಎದೆ ಬಡಿದುಕೊಂಡು ಹಾಡಿದಳಂತೆ: "ಎಷ್ಟ್ ಚಂದ ಬೈತಿದ್ದೆಪ್ಪೋ ನನ್ನ ಧಣಿ, ಇನ್ನ ನಮ್ಮನ್ನ ಬೈಯವ್ರು ಯಾರೋ! ಮುಂಜಾನೆದ್ದು ಯಾರ ಮಾರಿ ನೋಡಿ ಹೆದರಲೋ!" ಧಣಿಯ ಮಕ್ಕಳು ಕಣ್ಣೀರು ಒರೆಸಿಕೊಳ್ಳುತ್ತ ಹಲ್ಲು ಕಡಿದರು. ಏನೂ ಅನ್ನುವಂತಿರಲಿಲ್ಲ. ಊರಿನವರು ಸೆರಗಿನಲ್ಲಿ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡದ್ದು ದುಃಖಕ್ಕೋ ನಗೆಗೋ ದೇವರೇ ಬಲ್ಲ.

ತಂಗಿಯ ಗಂಟಲು ಎಲ್ಲಿಂದ ಬಂತೆಂದು ನನಗೆ ಆಗ ಗೊತ್ತಾಯಿತು.

ಕೆಲವು ವಾರ ಬಿಟ್ಟು ಅವಳು ನಮ್ಮ ಮಾತಿನಲ್ಲೇ ಒಂದು ಹಾಡು ಬರೆದುಕೊಂಡು ಬಂದಳು. ಹಾಡು ಹೇಳುವ ಮೊದಲು ನನ್ನ ಉದ್ದ ವಾಯರಿನ ಸಂಗತಿ ಹೇಳಬೇಕು.

ನಮ್ಮೂರ ದೊಡ್ಡ ಗುಡಿಯಲ್ಲಿ ಭಜನೆ ಇದ್ದಾಗಲೆಲ್ಲ ನನ್ನದೇ ಸೆಟ್ಟು. ಗುಡಿಯ ಕಾರಭಾರವೆಲ್ಲ ಊರಿನ ಸಾವ್ಕಾರರದು. ಪೆಟ್ಟಿಗೆಗಳು ಗುಡಿಯೊಳಗೆ ಹೋಗುತ್ತವೆ, ಅವರ ಮನೆಯ ಆಳುಗಳು ಹೊತ್ತು ಒಯ್ಯುತ್ತಾರೆ. ಒಳಗೆ ಹೋಗುವ ಮೊದಲು ಪೂಜಾರಿ ಅವುಗಳ ಮೇಲೆ ನೀರು ಚಿಮುಕಿಸುತ್ತಾರೆ. "ಕರೆಂಟಿನ ಸಾಮಾನದ್ರಿ, ನೀರು ಬ್ಯಾಡ್ರಿ" ಎಂದರೆ, "ದೇವರ ನೀರಪ್ಪ, ಏನೂ ಆಗಂಗಿಲ್ಲ" ಎನ್ನುತ್ತಾರೆ. ದೇವರ ನೀರಿನಿಂದ ನನ್ನ ಎಷ್ಟೋ ಪೆಟ್ಟಿಗೆಗಳ ಸಣ್ಣ ಸ್ಪೀಕರುಗಳು ಪುಣ್ಯ ಪಡೆದು ತೀರಿಕೊಂಡಿವೆ. ನಾನು ಮಾತ್ರ ಮಿಕ್ಸರ್ ಹಿಡಿದುಕೊಂಡು ಹೊರಗೆ ಬೇವಿನ ಗಿಡದ ಬುಡದಲ್ಲಿ. ಒಳಗೆ ಬರಬೇಡ ಎಂದು ಯಾರೂ ಒಂದು ದಿನವೂ ಹೇಳಿಲ್ಲ. ಬಾ ಎಂದೂ ಹೇಳಿಲ್ಲ. "ಹೊರಗ ಗಾಳಿ ಚಲೋ ಅದ, ಅಲ್ಲೇ ಮಷೀನ್ ಇಟ್ಕೊಂಡ್ ಕುಂದ್ರು" ಎನ್ನುತ್ತಿದ್ದರು. ಅದಕ್ಕೆಂದೇ ನಾನು ಒಂದು ಉದ್ದ ವಾಯರ್ ಬೇರೆ ಮಾಡಿಸಿ ಇಟ್ಟಿದ್ದೆ. ಬೇರೆ ಯಾವ ಕೆಲಸಕ್ಕೂ ಅಷ್ಟುದ್ದ ಬೇಕಾಗುತ್ತಿರಲಿಲ್ಲ. ಗಾಳಿ ನಿಜವಾಗಿಯೂ ಚಲೋ ಇತ್ತು. ಕೇಳಿದವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ.

ತಂಗಿಯ ಹಾಡಿನ ಕಡೆಯ ನುಡಿ ಹೀಗಿತ್ತು:

ನಮ್ಮಣ್ಣನ ಪೆಟಗಿ ಗುಡಿ ಒಳಗ
ನಮ್ಮಣ್ಣನ ವಾಯರ್ ಗುಡಿ ಒಳಗ
ಅವ ಹಚ್ಚಿದ ದನಿ ದೇವರ ಕಿವಿ ಒಳಗ
ನಮ್ಮಣ್ಣ ಮಾತ್ರ ಬೇವಿನ ಬುಡದಾಗ

ಅವರ ತಾಲೀಮಿನ ಕೋಣೆಯಲ್ಲಿ ಓದಿ ತೋರಿಸಿ, "ಹ್ಯಾಂಗದ?" ಎಂದಳು. "ಗಾಳಿ ಸಂಗತಿ ಬಿಟ್ಟಿ ನೋಡು" ಎಂದು ನಗಾಡಿದೆ. ಅವಳು ನಗಲಿಲ್ಲ.

"ಅಣ್ಣಾ, ಉಳದಿದ್ದೆಲ್ಲ ಯಾರಿಗೂ ತಿಳೀದಿದ್ರೂ ನಡೀತದ. ಈ ನುಡಿ ಬಂದಾಗ ಗಿಟಾರ್, ಡ್ರಮ್ ಎಲ್ಲಾ ನಿಲ್ತಾವ. ನಾ ಗುಡುಗಂಗಿಲ್ಲ, ಆಯಿ ಅಳೂ ದನಿಯಾಗ ಸಾಫ್ ಹಾಡ್ತೀನಿ. ನನ್ನ ಮೈಕ್ ಒಂದ ಎತ್ತು. ಒಂದೊಂದು ಶಬ್ದ ಹಿಂದಿನ ಸಾಲಿನ ತನಕ ಮುಟ್ಟಬೇಕು. ಇದೊಂದ್ ಮಾಡು ಸಾಕು."

"ಆಯ್ತು ತಾಯಿ" ಎಂದೆ.

ಹುಮನಾಬಾದಿನಲ್ಲಿ ತಾಲೂಕಿನ ಯುವಕರದೊಂದು ಸಾಂಸ್ಕೃತಿಕ ಕಾರ್ಯಕ್ರಮ. ಕೋಲಾಟ, ಭಾವಗೀತೆ, ಸಿನಿಮಾ ಹಾಡಿನ ಕುಣಿತ, ಅವುಗಳ ನಡುವೆ ನನ್ನ ತಂಗಿಯ ಗುಂಪು. ಮುಂದಿನ ಸಾಲಿನ ಸೋಫಾದ ಮೇಲೆ ಅತಿಥಿಯಾಗಿ ಕೂತವರು ಯಾರು? ನಮ್ಮೂರ ಸಾವ್ಕಾರರು. ಅವರನ್ನು ನೋಡಿದ ಕೂಡಲೇ ಎದ್ದು ಕೈ ಮುಗಿದೆ.

ಮೊದಲ ಹಾಡುಗಳಿಗೆ ಜನ ಬೆರಗಾಗಿ ಕೂತರು. ಹಿಂದಿನವರು ಸಿಳ್ಳೆ ಹಾಕಿದರು. ಒಬ್ಬ ಅಜ್ಜ ತನ್ನ ಮೊಮ್ಮಗನ ಕಿವಿ ಮುಚ್ಚಿದ, ಮೊಮ್ಮಗ ಅಜ್ಜನ ಕೈ ಕಿತ್ತೆಸೆದು ಕುಣಿದ. ಆಮೇಲೆ ಆ ಹಾಡು ಬಂತು. ಗಿಟಾರ್ ನಿಂತಿತು. ಡ್ರಮ್ ನಿಂತಿತು. ಮೈದಾನದಲ್ಲಿ ಎಲ್ಲೋ ಕಡಲೆ ಹುರಿಯುವವನ ಬಾಣಲೆಯ ಸಪ್ಪಳ ಕೂಡ ಕೇಳಿಸಿತು. ತಂಗಿ ಕಣ್ಣು ಮುಚ್ಚಿ "ನಮ್ಮಣ್ಣನ ಪೆಟಗಿ" ಎಂದು ಎತ್ತಿಕೊಂಡಳು.

ನನ್ನ ಕೈ ಎಕೋದ ಗುಂಡಿಯ ಮೇಲಿತ್ತು. ಕೊನೆಯ ತನಕ ತಿರುವಿಬಿಟ್ಟೆ.

"ಒಳಗ ಒಳಗ ಒಳಗ ಒಳಗ" ಎಂದು ಮೈದಾನವೆಲ್ಲ ಮೊಳಗಿತು. ಅದರ ಮೇಲೆ "ವಾಯರ್ ವಾಯರ್", ಅದರ ಮೇಲೆ "ದೇವರ ದೇವರ ದೇವರ". ಒಂದು ಶಬ್ದ ಹೋಗುವ ಮೊದಲೇ ಇನ್ನೊಂದು ಬಂದು ಅದರ ಹೆಗಲೇರಿತು. ಹಾಡಿನ ಕಡೆಯ ಸಾಲು, ನಾನು ಬೇವಿನ ಬುಡದಲ್ಲಿ ಕೂತಿದ್ದ ಸಾಲು, ಆ ಕೆಸರಿನಲ್ಲಿ ಎಲ್ಲಿ ಮುಳುಗಿತೋ ಯಾರಿಗೂ ಕೇಳಲಿಲ್ಲ. ತಂಗಿ ಕಣ್ಣು ತೆರೆದು ನೇರವಾಗಿ ನನ್ನ ಕೈ ನೋಡಿದಳು.

ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಆ ದಿನದ ಅತಿ ದೊಡ್ಡ ಚಪ್ಪಾಳೆ ಅದೇ. ಸಾವ್ಕಾರರು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ನನ್ನ ಬಳಿಗೇ ಬಂದರು.

"ಏನ್ ಹಾಡ್ತಾಳಪ್ಪ ನಿನ್ನ ತಂಗಿ! ಮೊದಲ ಏನೋ ಹುಲಿ ಬಂದಂಗ ಮಾಡಿದ್ಳು. ಕಡೀಕ ದೇವರು, ದೇವರು ಅಂತ ಏನ್ ಭಕ್ತಿ! ಮೈ ಜುಮ್ ಅಂತು ನೋಡು. ಮುಂದಿನ ಭಜನಿಗೆ ನಮ್ಮ ಗುಡಿಯಾಗ ಇದಽ ಹಾಡು ಆಗಬೇಕು."

"ಹೌದ್ರಿ ಸಾವ್ಕಾರ್ರ" ಎಂದೆ. ಮತ್ತೇನು ಹೇಳಲಿ? ಗುಡಿಯ ಮೇಲೆ ದೂರು ಬರೆದರೆ ಗುಡಿಯವರೇ ಮೆಚ್ಚಿ ಆಮಂತ್ರಣ ಕೊಡುವ ಹಾಗೆ ಮಾಡಿದ ಮೈಕ್ ಸೆಟ್ಟಿನವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ತಂಗಿಗೆ "ಗುಂಡಿ ಲೂಸ್ ಆಗಿತ್ತವ್ವ" ಎಂದೆ. ಅವಳು ತನ್ನ ಮೈಕಿನ ವಾಯರ್ ಸುತ್ತಿ ನನ್ನ ಕೈಗಿಟ್ಟು ಹೋದಳು.

ಆಮೇಲೆ ಶನಿವಾರಗಳಲ್ಲಿ ಅವಳು ಅಂಗಡಿಗೆ ಬರುವುದನ್ನು ಬಿಟ್ಟಳು. ಬಸ್ ಸ್ಟ್ಯಾಂಡಿನಲ್ಲೇ ಕೂತು, ಎರಡೂ ಕಿವಿಗೆ ತಾನೇ ಇಯರ್‌ಫೋನ್ ಹಾಕಿಕೊಂಡು ಊರಿಗೆ ಹೋಗುತ್ತಿದ್ದಳು. ಮನೆಯಲ್ಲಿ ರೊಟ್ಟಿ ಕೊಡುವಾಗ "ಅವಂಗ ಕೊಡ್ಲಾ?" ಎಂದು ಅವ್ವನನ್ನು ಕೇಳುತ್ತಿದ್ದಳು, ನನ್ನನ್ನಲ್ಲ. ಅವ್ವ ಒಂದು ದಿನ, "ಇಷ್ಟ್ ದೊಡ್ಡ ದೊಡ್ಡ ಪೆಟಗಿ ಇಟ್ಕೊಂಡೀರಿ, ಇಬ್ರೂ ಒಂದ್ ಮಾತಾಡಂಗಿಲ್ಲಲ್ಲೋ" ಎಂದಳು.

ಮರುವಾರ ನಾನೇ ಅಂಗಡಿಯ ಬಾಗಿಲೆಳೆದು ಬಸ್ ಸ್ಟ್ಯಾಂಡಿಗೆ ಹೋಗಿ ಅವಳ ಪಕ್ಕ ಕೂತೆ.

"ಎಕೋ ತಾನಾಗೇ ತಿರುಗಿದ್ದಲ್ಲ" ಎಂದೆ.

"ತಾನಾಗೇ ತಿರುಗಾಕ ಅದೇನ್ ಫ್ಯಾನಾ? ನಿನ್ನ ಕೈ ನೋಡೀನಿ ನಾ."

"ಸಾವ್ಕಾರ್ರು ಮುಂದ ಕುಂತಿದ್ರು."

"ಸಾವ್ಕಾರ್ರು ಬಂದ್ ಮಾಡ್ಸಿದ್ರ ಅದನ್ನೂ ಹಾಡಿನಾಗ ಹಾಕ್ತಿದ್ನಿ. ನೀ ಮಾಡಿದ್ದು ಎಲ್ಲಿ ಹಾಕ್ಲಿ?" ಎಂದಳು. ಇಯರ್‌ಫೋನ್ ಸುತ್ತಿ ಚೀಲಕ್ಕೆ ಹಾಕುತ್ತ, "ಬ್ಯಾರೆ ದೇಶದಾಗ ಪದ ಅಳಸಾಕ ಒಂದ್ ದೊಡ್ಡ ಕಚೇರಿ ಬೇಕು. ನಮ್ಮ ಕಡೆ ಒಬ್ಬ ಅಣ್ಣ ಇದ್ರ ಸಾಕು" ಎಂದಳು.

ಅದು ನನಗೆ ನಾಟಿತು. ಅಂದು ನಾನು ಹೆದರಿದ್ದು ಸಾವ್ಕಾರರಿಗೆ ಎಂದುಕೊಂಡಿದ್ದೆ. ಕೂತು ಯೋಚಿಸಿದರೆ ಅವರು ಸಿಟ್ಟಾದರೆ ಒಂದು ಗುಡಿಯ ಕೆಲಸ ಹೋಗುತ್ತಿತ್ತು, ಅಷ್ಟೇ. ನಾನು ಮುಚ್ಚಿಟ್ಟದ್ದು ಬೇರೆ. ಬೇವಿನ ಬುಡದಲ್ಲಿ ನಾನು ಗಾಳಿಗಾಗಿ ಕೂತಿದ್ದೇನೆಂದು ಇಷ್ಟು ವರ್ಷ ಎಲ್ಲರಿಗಿಂತ ಹೆಚ್ಚಾಗಿ ನನಗೇ ಹೇಳಿಕೊಂಡಿದ್ದೆ. ತಂಗಿ ಆ ಗಾಳಿಯನ್ನು ಊರ ಮುಂದೆ ಕಸಿದುಕೊಳ್ಳಲು ಹೊರಟಿದ್ದಳು.

"ಗುಡಿಯಾಗ ಹಾಡು ಅಂದಾರ" ಎಂದು ಅಳುಕುತ್ತ ಹೇಳಿದೆ.

ಅವಳಿಗೆ ನಗು ತಡೆಯಲಿಲ್ಲ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ತಿರುಗಿ ನೋಡಿದಳು. "ನಾ ಹಾಡಂಗಿಲ್ಲ. ನಿನ್ನ ಗಿರಾಕಿ, ನೀನಽ ಹೇಳ್ಕೋ" ಎಂದು ಬಸ್ ಹತ್ತಿದಳು.

ಅಂಗಡಿಗೆ ಮರಳಿ ಉದ್ದ ವಾಯರನ್ನು ಕೆಳಗಿಳಿಸಿದೆ. ಕಟ್ಟರ್ ತೆಗೆದುಕೊಂಡು ತುಂಡು ತುಂಡು ಮಾಡಿ ಎಲ್ಲವನ್ನೂ ಮದುವೆ ಪೆಂಡಾಲಿಗೆ ಬೇಕಾಗುವ ಅಳತೆಗೆ ತಂದೆ. ಹೇಡಿಗಳು ಕ್ರಾಂತಿ ಮಾಡುವುದು ಹೀಗೆ. ಮಾತಾಡುವ ಧೈರ್ಯವಿಲ್ಲದಿದ್ದರೆ ಸಾಮಾನು ಕೆಡಿಸುತ್ತಾರೆ.

ಭಜನೆಯ ದಿನ ಬಂತು. ತಂಗಿಗೆ ಬರಲಾಗುವುದಿಲ್ಲವಂತೆ ಎಂದಷ್ಟೇ ಹೇಳಿ, ಗುಡಿಯ ಮುಂದೆ ಪೆಟ್ಟಿಗೆಗಳನ್ನು ಇಳಿಸಿ ನಿಂತೆ.

"ಹಚ್ಚಪ್ಪ, ಹೊತ್ತಾತು" ಎಂದರು ಸಾವ್ಕಾರರು.

"ವಾಯರ್ ಗಿಡ್ಡ ಆಗ್ಯಾದ್ರಿ."

"ಗಿಡ್ಡ? ವಾಯರೇನ್ ಮುದುಕ ಆಗ್ತದೇನೋ ಗಿಡ್ಡ ಆಗಾಕ?"

"ಇಲಿ ಕಡದಾವ್ರಿ. ಇಲ್ಲಿಂದ ಒಳಗ ಮುಟ್ಟಂಗಿಲ್ರಿ. ಮಷೀನ್ ತಗೊಂಡು ನಾ ಒಳಗ ಬಂದು ಕುಂತ್ರ ಮುಟ್ತದ್ರಿ."

ಪೂಜಾರಿ ತಮ್ಮ ನೀರಿನ ತಂಬಿಗೆಯನ್ನು ನೋಡಿಕೊಂಡರು. ಸಾವ್ಕಾರರು ನನ್ನನ್ನು ನೋಡಿದರು, ಬೇವಿನ ಗಿಡವನ್ನು ನೋಡಿದರು, ಆಕಾಶ ನೋಡಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಪೇಚಾಟವಿತ್ತು. ಬೇಡ ಎನ್ನಬೇಕಾದರೆ ಬಾಯಿಬಿಟ್ಟು ಹೇಳಬೇಕು. ಆ ಕೆಲಸವನ್ನು ಇಲ್ಲಿಯ ತನಕ ನನ್ನ ವಾಯರ್ ಮಾಡುತ್ತಿತ್ತು.

ಕಡೆಗೆ ಅವರೇ ದಾರಿ ಹುಡುಕಿದರು. "ಒಳಗ ಸೆಕಿ ಭಾಳ ಅದ. ಭಜನಿ ಅಂಗಳದಾಗ ಆಗ್ಲಿ. ಪೆಟಗಿ ಇಲ್ಲೇ ಹೊರಗ ಇಡು."

ಹೀಗೆ ನನ್ನ ಪೆಟ್ಟಿಗೆಗಳು ಗುಡಿ ಬಿಟ್ಟು ಬೇವಿನ ಬುಡಕ್ಕೆ ಬಂದು ನನ್ನ ಜಾತಿಗೆ ಸೇರಿದವು. ಭಜನೆಯವರೂ ಅವುಗಳ ಹಿಂದೆಯೇ ಬಂದು ಅಂಗಳದ ಧೂಳಿನಲ್ಲಿ ಕೂತರು. ದೇವರೊಬ್ಬರು ಒಳಗೆ ಒಂಟಿಯಾಗಿ ಉಳಿದರು. ಗೆದ್ದೆ ಎನ್ನಲಾರೆ, ಒಳಗೇನೂ ಹೋಗಲಿಲ್ಲವಲ್ಲ. ಆದರೆ ಆ ದಿನ ಗಾಳಿಯ ಸುಳ್ಳು ನನ್ನ ಪಾಲಿಗಿರಲಿಲ್ಲ. ಸೆಕೆಯ ಸುಳ್ಳು ಅವರ ಪಾಲಿಗೆ ಹೋಗಿತ್ತು.

ಶನಿವಾರ ತಂಗಿ ಅಂಗಡಿಗೆ ಬಂದಳು. ಊರಿನ ಸುದ್ದಿ ಅವಳಿಗೆ ಮೊದಲೇ ತಲುಪಿತ್ತು. ಪೆಟ್ಟಿಗೆಯ ಮೇಲೆ ಕೂತು, "ಈಗೇನ್ ಮಾಡ್ಲಿ? ನೀ ವಾಯರ್ ಕತ್ತರಿಸಿ ನನ್ನ ಹಾಡು ಕೆಡಿಸಿದಿ. 'ಪೆಟಗಿ ಗುಡಿ ಒಳಗ' ಅಂತ ಈಗ ಹಾಡಿದ್ರ ಸುಳ್ಳಾಗ್ತದ" ಎಂದಳು. ಮುಖ ಬಿಗಿಯಾಗಿಯೇ ಇತ್ತು. ಇಯರ್‌ಫೋನಿನ ಒಂದು ತುದಿ ಮಾತ್ರ ನನ್ನ ಕಡೆ ಚಾಚಿದಳು.

ಥಂಡಿ ದೇಶದವರಿಗೆ ಹಿಮ ಬದಲಾಗುವ ತನಕ ಪದ ಬದಲಾಗುವುದಿಲ್ಲ. ನಮ್ಮ ಕಡೆ ಒಂದು ವಾಯರ್ ಕತ್ತರಿಸಿದರೆ ನುಡಿ ಹೊಸದಾಗಿ ಬರೆಯಬೇಕಾಗುತ್ತದೆ. ನನ್ನ ಸಿದ್ಧಾಂತಕ್ಕೆ ಇದನ್ನೂ ಸೇರಿಸಿಕೊಂಡೆ.

ಮುಂದಿನ ಕಾರ್ಯಕ್ರಮ ಬಸವಕಲ್ಯಾಣದ ಒಂದು ಮದುವೆ ಹಾಲ್‌ನಲ್ಲಿ. ಅವ್ವ, ಅಪ್ಪ, ನಮ್ಮ ಓಣಿಯವರೆಲ್ಲ ಟೆಂಪೋ ಮಾಡಿಕೊಂಡು ಬಂದಿದ್ದರು. ಶುರುವಾಗುವ ಮೊದಲು ತಂಗಿ ಮಿಕ್ಸರಿನ ಬಳಿ ಬಂದು, ಎಕೋದ ಗುಂಡಿಯನ್ನು ಪೂರಾ ಎಡಕ್ಕೆ ತಿರುವಿ, ಅದರ ಸುತ್ತ ಕರಿ ಟೇಪನ್ನು ಬಿಗಿಯಾಗಿ ಸುತ್ತಿದಳು, ಮುರಿದ ಕೈಗೆ ಪಟ್ಟಿ ಕಟ್ಟುವ ಹಾಗೆ.

"ನಂಬಿಕಿ ಇಲ್ಲೇನು?" ಎಂದೆ.

"ಅದ. ಟೇಪಿನ ಮ್ಯಾಲ."

ಹೊಸ ನುಡಿ ಏನೆಂದು ಅವಳು ಹೇಳಿರಲಿಲ್ಲ. "ಮೈಕ್ ಎತ್ತು, ಅಷ್ಟಽ" ಎಂದಿದ್ದಳು. ಗಿಟಾರ್ ನಿಂತಿತು, ಡ್ರಮ್ ನಿಂತಿತು, ನಾನು ಎತ್ತಿದೆ. ಆಯಿಯ ದನಿಯಲ್ಲಿ, ಒಣಗಿದ ಜೋಳದ ದಂಟಿನಷ್ಟು ಸ್ಪಷ್ಟವಾಗಿ ಬಂತು:

ಪೆಟಗಿ ಹೊರಗ ಬಂತು, ವಾಯರ್ ಗಿಡ್ಡ ಆತು
ಬೇವಿನ ಬುಡಕ ಊರ ಭಜನಿ ಬಂದು ಕುಂತು
ತಂಗಿ ಬಾಯಿ ತೆರದಾಗ ಎಕೋ ತಿರುವಿದ ಕೈ
ಸಾವ್ಕಾರ್ರದಲ್ಲವ್ವ, ನಮ್ಮಣ್ಣನ ಕೈ

ಓಣಿಯವರೆಲ್ಲ ಒಟ್ಟಿಗೇ ತಿರುಗಿ ನನ್ನನ್ನು ನೋಡಿದರು. ಅಪ್ಪ ನನ್ನ ಕೈಯನ್ನು ನೋಡಿದ. ಯಾರೋ ಕಿಸಕ್ಕೆಂದು ನಕ್ಕರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಯಾವುದಕ್ಕೆಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಅಳುವವಳನ್ನು ತಡೆಯಬಾರದು, ಅಳುವಾಗ ಆಡಿದ ಮಾತಿಗೆ ಆಮೇಲೆ ಜಗಳ ತೆಗೆಯಬಾರದು. ಅದು ರಿವಾಜು. ಅವಳು ಆ ನುಡಿಯನ್ನು ಇನ್ನೊಮ್ಮೆ ಹಾಡಿದಳು. ನಾನು ಮೈಕನ್ನು ಇನ್ನಷ್ಟು ಎತ್ತಿದೆ, ಹಿಂದಿನ ಸಾಲಿಗೂ ಮುಟ್ಟಲಿ ಎಂದು.

ಸಾಮಾನು ಕಟ್ಟುವಾಗ ತಂಗಿ ಬಂದು, "ದನಿ ಹ್ಯಾಂಗಿತ್ತು?" ಎಂದಳು.

"ಸಾಫ್ ಇತ್ತು. ಜರಾ ಜಾಸ್ತೀನೇ ಸಾಫ್ ಇತ್ತು."

"ರೂಢಿ ಆಗ್ತದ ತಗೋ" ಎಂದು ಮೈಕಿನ ವಾಯರನ್ನು ತಾನೇ ಸುತ್ತತೊಡಗಿದಳು.

ಟೇಪನ್ನು ನಾನು ಬಿಚ್ಚಿಲ್ಲ. ಇದರಿಂದ ಧಂದೆಗೆ ಸ್ವಲ್ಪ ಪೆಟ್ಟು ಬಿದ್ದಿದೆ, ಮುಚ್ಚಿಡುವುದೇನು. ಮೊನ್ನೆ ಒಬ್ಬ ಮುಖಂಡರು ಮೈಕ್ ಕುಟ್ಟಿ, ಊದಿ, ನನ್ನ ಕಡೆ ತಿರುಗಿ, "ಎಕೋ ಹಾಕಪ್ಪ" ಎಂದರು.

"ಬರಂಗಿಲ್ರಿ ಸಾಹೇಬ್ರ."

"ಯಾಕ, ಕೆಟ್ಟದೇನು?"

"ಇಲ್ರಿ, ತಂಗಿ ಟೇಪ್ ಸುತ್ಯಾಳ."

ಅವರು ಎಕೋ ಇಲ್ಲದೆಯೇ ಭಾಷಣ ಶುರುಮಾಡಿದರು. ಒಂದು ಆಶ್ವಾಸನೆ ಒಂದೇ ಸಲ ಕೇಳಿಸಿತು. ಅವರಿಗೇ ಅದು ಬಹಳ ಸಣ್ಣದೆನ್ನಿಸಿತೋ ಏನೋ, ಬೇಗ ಮುಗಿಸಿ ಇಳಿದರು.